ಯಾವಾಗ ಬಂದಿ, ಯಾವಾಗ ಹೋಗ್ತಿ?

ನನ್ನ ತಮ್ಮ ಶರಣಪ್ಪ ಸುಳ್ಳು ಹೇಳುವವನಲ್ಲ. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದರೂ ತಾನೇ ಹೋಗಿ ಅವ್ವನ ಮುಂದೆ ನಿಲ್ಲುತ್ತಿದ್ದ. ಅಂಥವನು ಬೇಸಿಗೆ ಶುರುವಾದಾಗಿನಿಂದ ಇಡೀ ದೇವದುರ್ಗಕ್ಕೆ ಒಂದೇ ಸುಳ್ಳು ಹೇಳುತ್ತಿದ್ದಾನೆಂದು ನನಗೆ ಕಳೆದ ವಾರ ಗೊತ್ತಾಯಿತು.

ಅವನು ಮಿಲ್ಟ್ರಿಯಲ್ಲಿ ಹವಾಲ್ದಾರ. ಇದ್ದ, ಅನ್ನಬೇಕು. ಈಗ ಪೆನ್ಷನ್ ಮೇಲೆ ಮನೆಗೆ ಬಂದಿದ್ದಾನೆ. ಇಷ್ಟು ವರ್ಷ ರಜೆಯಲ್ಲಿ ಬಂದಾಗಲೆಲ್ಲ ಊರವರದು ಎರಡೇ ಪ್ರಶ್ನೆ (ನಿಮ್ಮೂರಲ್ಲೂ ಅಷ್ಟೇ, ಗೊತ್ತು): "ಯಾವಾಗ ಬಂದಿ? ಯಾವಾಗ ಹೋಗ್ತಿ?" ಈ ಸಲವೂ ಪಾನ್ ಅಂಗಡಿಯ ಮುಂದೆ ಅದನ್ನೇ ಕೇಳಿದರು. ಮೊದಲನೆಯದಕ್ಕೆ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟ. "ಇನ್ನಾ ಹದಿನೈದು ದಿನ ರಜಾ ಅದ್ರಿ."

ಆ ಹದಿನೈದು ದಿನ ಮುಗಿದ ಮೇಲೆ ಮತ್ತೆ ಹದಿನೈದು ದಿನ. ಇದೇನು ರಜೆಯೋ, ರಬ್ಬರೋ?

ಅವನ ಹೆಂಡತಿ ನಾಗಮ್ಮ ಹೇಳಿಕಳಿಸಿದಳು. ರಾಯಚೂರಿನಿಂದ ಬಸ್ ಹತ್ತಿ ಹೋದೆ.

"ಟ್ರಂಕ್ ಇನ್ನಾ ಖಾಲಿ ಮಾಡಿಲ್ರಿ ಅಕ್ಕಾರ. ಒಗದ ಅರಿವಿ ಮಡಚಿ ಮತ್ತ ಅದರಾಗೇ ಇಡ್ತಾರ," ಎಂದಳು. "ಮಾನ್ವಿ ಸಾಲ್ಯಾಗ ಡ್ರಿಲ್ ಮಾಸ್ತರ್ ಕೆಲಸ ಅದ. ಇವ್ರು ರಜಾದ ಮ್ಯಾಲ ಬಂದಾರಂತ ಯಾರೋ ಹೆಡ್‌ಮಾಸ್ತರ್‌ಗೆ ಹೇಳ್ಯಾರ. ಕೆಲಸ ಕೈ ಬಿಟ್ಟು ಹೋಗಾಕತ್ತದ, ಇವ್ರು ಬಾಯಿ ಬಿಡವಲ್ರು."

ನನಗೆ ಸಿಟ್ಟು ನೆತ್ತಿಗೇರಿತು. ಬಾಂಗ್ಲಾ ಯುದ್ಧಕ್ಕೆ ಹೋಗಿ ಬಂದವನಿಗೆ ಪಾನ್ ಅಂಗಡಿಯ ಪ್ರಶ್ನೆಗೆ ಹೆದರಿಕೆಯೇ?

"ಅಲ್ಲಲೇ, ಪೆನ್ಷನ್ ಮ್ಯಾಲ ಬಂದೀನಿ ಅಂತ ಹೇಳಾಕ ನಿನಗೇನು ನಾಚಿಕಿ?"

ಅವನು ಗೋಡೆ ನೋಡಿದ. "ನಾಚಿಕಿ ಅಲ್ಲಕ್ಕಾ. ಇನ್ನ ಹೋಗಂಗಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರ, ಖರೇನ ಹೋಗಂಗಿಲ್ಲ ಅಂತ ಆಗ್ತದ."

"ಮಿಲ್ಟ್ರಿ ಬಿಡುವಾಗ ನಿನ್ನ ಯಾರೂ ಪರೀಕ್ಷಾ ಮಾಡ್ಲಿಲ್ಲೇನು?"

"ಮಾಡಿದ್ರು. ಹಲ್ಲು, ಕಣ್ಣು, ಎದಿ ಎಲ್ಲಾ ನೋಡಿ ಫಿಟ್ ಅಂದ್ರು."

ಯಾತಕ್ಕೆ ಫಿಟ್? ಸೇರಿಸಿಕೊಳ್ಳುವಾಗ ಓಡಿಸುತ್ತಾರೆ, ಹಾರಿಸುತ್ತಾರೆ, ಎದೆ ಉಬ್ಬಿಸಿ ಅಳೆಯುತ್ತಾರೆ. ಬಿಡುವಾಗ ಹಲ್ಲು ನೋಡಿ ಕಳಿಸುತ್ತಾರೆ (ಸಂತೆಯಲ್ಲಿ ಎತ್ತು ಕೊಳ್ಳುವವರೂ ಇನ್ನೆರಡು ಮಾತು ಕೇಳುತ್ತಾರೆ). ಒಬ್ಬರಾದರೂ ಎದುರಿಗೆ ಕೂರಿಸಿಕೊಂಡು, "ಬಿಗಲ್ ಇಲ್ಲದೆ ಬೆಳಗಾದರೆ ಏನು ಮಾಡುತ್ತೀಯಪ್ಪಾ? ಯಾರೂ ಹುಕುಂ ಕೊಡದಿದ್ದರೆ ದಿನ ಹೇಗೆ ಕಳೆಯುತ್ತೀ?" ಎಂದು ಕೇಳಬಾರದೇ? ಮನಸ್ಸು ಅಳೆಯಲು ಟೇಪಿಲ್ಲ, ಒಪ್ಪಿದೆ. ಕೇಳಲು ಬಾಯಿಯೂ ಇಲ್ಲವೇ?

ಮರುದಿನ ಅವನನ್ನು ಮಾನ್ವಿಗೆ ಎಳೆದುಕೊಂಡು ಹೋದೆ. ಹೆಡ್‌ಮಾಸ್ತರು ನಶ್ಯ ಏರಿಸಿ, ಮೂಗು ಒರೆಸಿಕೊಂಡು ಕೇಳಿದರು. "ಮತ್ತ ಹೋಗಂಗಿಲ್ಲ ಹೌದಿಲ್ರಿ? ಇಲ್ಲೇ ಇರ್ತೀರಲ್ಲ?"

ಶರಣಪ್ಪ ಅಟೆನ್ಷನ್‌ನಲ್ಲಿ ನಿಂತ. ತುಟಿಯಷ್ಟೇ ಅಲುಗಿತು. ನಾನೇ ಹೇಳಿಬಿಡಲೇ ಅನ್ನಿಸಿತು. ಕೆಲಸ ಹೋದರೆ ಹೋಗಲಿ, ಈ ಮಾತು ಅವನೇ ಆಡಬೇಕು ಎಂದು ನಾಲಿಗೆ ಕಚ್ಚಿಕೊಂಡೆ.

"ಹೋಗಂಗಿಲ್ರಿ ಸರ್," ಅಂದ, ಕೊನೆಗೆ. "ಇಲ್ಲೇ ಇರ್ತೀನಿ."

ಅವನ ಕಣ್ಣು ತುಂಬಿತ್ತು.

"ಸೋಮವಾರ ಸಾಲಿ ಸುರು ಆಗ್ತದ. ಬರ್ರಿ," ಎಂದರು ಅವರು. 'ಇಲ್ಲೇ ಇರ್ತೀರಲ್ಲ' ಎಂಬ ಒಂದು ಮಾತು ಕೇಳಿಸಿಕೊಳ್ಳಲು ಅವನು ಮಾನ್ವಿಯವರೆಗೆ ಬರಬೇಕಾಯಿತೇ?

ಸಂಜೆ ದೇವದುರ್ಗದಲ್ಲಿ ಬಸ್ಸಿಳಿದೆವು. ಪಾನ್ ಅಂಗಡಿಯ ಖಾದರ್ ಸಾಬ್ ದೂರದಿಂದಲೇ ಕೂಗಿದ. "ಏನ್ ಹವಾಲ್ದಾರ್ ಸಾಬ್, ಯಾವಾಗ ಹೋಗ್ತೀರಿ?"

ಶರಣಪ್ಪ ನಿಂತ.

"ಪೆನ್ಷನ್ ಮ್ಯಾಲ ಬಂದೀನಿ ಖಾದರ್ ಭಾಯ್. ಸೋಮವಾರ ಹೋಗ್ತೀನಿ. ಮಾನ್ವಿಗಿ, ಸಾಲಿ ಕೆಲಸಕ್ಕ."

ಖಾದರ್ ಸಾಬ್‌ಗೆ ಖುಷಿಯೋ ಖುಷಿ. ಎಲೆಗೆ ಸುಣ್ಣ ಸವರುತ್ತ ಕೇಳಿದ.

"ಭಾಳ ಚೊಲೊ ಆತು ನೋಡ್ರಿ. ಮತ್ತ ರಜಾದ ಮ್ಯಾಲ ಯಾವಾಗ ಬರ್ತೀರಿ?"