ಕತ್ತರಿಯಕ್ಕನ ಕತ್ತರಿ

ಖಾರದಮ್ಮ ಅಂತ ಬೀದಿಯವರು ಅವಳನ್ನು ಸುಮ್ಮನೆ ಕರೆಯುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಸೀನು ಬಂದರೆ ಸಾಕು, ಉದುರಿ ಎದುರಿಗಿದ್ದವರ ಮೇಲೆ ಬೀಳುತ್ತಿತ್ತು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ಅವಳಿಗೆ ಮಾತ್ರ ಬರುತ್ತಿತ್ತು. 'ತೋಳು ಬಿಗಿ ಆಯ್ತು' ಅಂತ ಯಾರಾದರೂ ಅಂಗಿ ವಾಪಸು ತಂದರೆ, "ಅಂಗಿ ಸರಿಯಾಗೇ ಇದೆ, ತೋಳು ದಪ್ಪ ಆಗಿದೆ. ಮೊದಲು ಅದನ್ನ ಇಳಿಸ್ಕೊಂಡು ಬನ್ನಿ" ಅನ್ನುತ್ತಿದ್ದಳು. ಅಂದರೂ ಮಾರನೇ ದಿನ ಬಿಚ್ಚಿ, ಹೊಲಿದು, ಇಸ್ತ್ರಿ ಮಾಡಿ ಕೊಡುತ್ತಿದ್ದಳು.

ಅಂಗಡಿ ಅವಳದಲ್ಲ, ಕತ್ತರಿಯಕ್ಕನದು. ಮುಂದೆ ಒಂದು ಕನ್ನಡಿ, ಎರಡು ಕುರ್ಚಿ, ಖಾರದಮ್ಮನ ಯಂತ್ರ. ಆಮೇಲೊಂದು ದಪ್ಪ ಪರದೆ. ಪರದೆಯ ಹಿಂದೆ ಬಾಗಿಲಿನಷ್ಟು ದೊಡ್ಡ ಮೇಜು. ಅಕ್ಕ ಅಲ್ಲಿ ನಿಂತು ಬಟ್ಟೆ ಕೊಯ್ಯುತ್ತಿದ್ದಳು, ಈಚೆ ಇವಳು ಹೊಲಿಯುತ್ತಿದ್ದಳು. ಪರದೆ ದಾಟಿ ಯಾವ ಗಿರಾಕಿಯೂ ಕಾಲಿಡುವಂತಿರಲಿಲ್ಲ. "ಒಳ್ಳೇ ಬಟ್ಟೆ ಕೊಯ್ಯೋದನ್ನ ಅದರ ಯಜಮಾನ ನೋಡಬಾರದು ಕಣೇ. ಅಯ್ಯೋ ಅಂತಾನೆ, ನನ್ನ ಕೈ ತಪ್ಪುತ್ತೆ" ಅನ್ನುತ್ತಿದ್ದಳು ಅಕ್ಕ.

ಖಾರದಮ್ಮ ಅಲ್ಲಿಗೆ ಬಂದದ್ದು ಗಂಡನ ಮನೆ ಬಿಟ್ಟ ದಿನ. ಕೈಯಲ್ಲೊಂದು ಚೀಲ, ಕೆನ್ನೆಯ ಮೇಲೆ ಒಂದು ಬಾಸುಂಡೆ. ಬೇರೆ ಯಾರಾದರೂ ಆಗಿದ್ದರೆ 'ಯಾಕಮ್ಮಾ, ಏನಾಯ್ತು, ಹೊಂದಿಕೊಂಡು ಹೋಗಬಾರದಾ' ಅಂತ ಪುರಾಣ ಶುರು ಮಾಡುತ್ತಿದ್ದರು. ಕತ್ತರಿಯಕ್ಕ ಬಾಸುಂಡೆ ನೋಡಿದಳು, ಚೀಲ ನೋಡಿದಳು, "ಕಾಜಾ ಹೊಲಿಯೋಕೆ ಬರುತ್ತಾ?" ಅಂದಳು. ಬರುತ್ತೆ ಅಂದಳು ಇವಳು. ಬರುತ್ತಿರಲಿಲ್ಲ. ಸಂಜೆಯೊಳಗೆ ಕಲಿತಳು.

ಅಕ್ಕನಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಅನಾಥಾಲಯದ ಬಾಗಿಲಲ್ಲಿ ಸಿಕ್ಕಿದ ಕೂಸು ಅವಳು. ಅದನ್ನು ಯಾರಾದರೂ 'ಪಾಪ' ಅಂದರೆ ಸಿಡಿದು ಬೀಳುತ್ತಿದ್ದಳು. "ಪಾಪ ಯಾಕೆ? ನೆಂಟರಿಲ್ಲ, ಹಾಗಾಗಿ ನೆಂಟರ ಜಗಳವೂ ಇಲ್ಲ. ನಿಮಗಿಂತ ಚೆನ್ನಾಗಿ ನಿದ್ದೆ ಬರುತ್ತೆ ನನಗೆ."

ಅಕ್ಕ ಎಡಚಿ. ಬರೆಯುವುದು, ಉಣ್ಣುವುದು, ಬೆರಳು ತೋರಿಸಿ ಬೈಯುವುದು, ಎಲ್ಲವೂ ಎಡಗೈಯಲ್ಲೇ. ಅವಳ ಕತ್ತರಿಯೂ ಎಡಗೈಯದೇ. ಚಿಕ್ಕ ವಯಸ್ಸಿನಲ್ಲೇ ಒಬ್ಬ ಮುದಿ ಕಮ್ಮಾರನ ಬೆನ್ನು ಹತ್ತಿ ಮಾಡಿಸಿಕೊಂಡಿದ್ದಳಂತೆ. ಅಲಗು ಅದಲುಬದಲು, ಹಿಡಿಯ ತಿರುವು ಅದಲುಬದಲು. ಕತ್ತರಿಗೂ ಎಡ ಬಲ ಇರುತ್ತದೆ ಅನ್ನೋದು ಕೊಯ್ಯುವವರಿಗೆ ಗೊತ್ತು. ಉಳಿದವರಿಗೆ ಕತ್ತರಿ ಅಂದರೆ ಕತ್ತರಿ.

ಈಗ ಒಂದು ಗುಟ್ಟು. ಇದು ಬೀದಿಗೆ ಗೊತ್ತಿಲ್ಲ. ನಿಮಗೆ ಹೇಳ್ತೀನಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳಿ. ಕೊನೆಯ ಕೆಲವು ವರ್ಷ ಪರದೆಯ ಹಿಂದೆ ಕೊಯ್ಯುತ್ತಿದ್ದವಳು ಕತ್ತರಿಯಕ್ಕ ಅಲ್ಲ. ಅವಳ ಕೈ ನಡುಗಲು ಶುರುವಾಗಿತ್ತು. ಒಂದು ಬೆಳಿಗ್ಗೆ ಯಾರದೋ ಮದುವೆಯ ರೇಷ್ಮೆ ಮೇಜಿನ ಮೇಲಿತ್ತು. ಕತ್ತರಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ಅದನ್ನು ಖಾರದಮ್ಮನ ಕಡೆ ತಳ್ಳಿ, "ಇನ್ನು ನೀನು ಕೊಯ್ಯಿ" ಅಂದಳು.

"ಬೇರೆ ಕತ್ತರಿ ತರ್ತೀನಿ ಅಕ್ಕಾ, ಬಲಗೈಯದು."

"ಬಲಗೈ ಹೇಗೆ ಕೊಯ್ಯುತ್ತೆ ಅಂತ ನನಗೇನು ಗೊತ್ತು? ನನಗೆ ಗೊತ್ತಿರೋದು ನನ್ನ ಕೈ. ಅದನ್ನೇ ಕಲಿಸ್ತೀನಿ. ಹಿಡಿ ಎಡಗೈಲಿ."

ಅಬ್ಬಬ್ಬಾ, ಆ ಕಲಿಕೆ! ಹಳೇ ಹಾಸಿಗೆ ಬಟ್ಟೆಗಳೆಲ್ಲ ಚಿಂದಿಯಾದವು. ಖಾರದಮ್ಮನ ಎಡ ಹೆಬ್ಬೆರಳು ಬೊಕ್ಕೆ ಎದ್ದು ಒಡೆದು ಮತ್ತೆ ಎದ್ದಿತು. ಬೀದಿಗೆಲ್ಲ ಬೈಯುವವಳು ಪರದೆಯ ಹಿಂದೆ ಬೈಸಿಕೊಂಡಳು: "ಕುರಿ ಮೇದ ಹಾಗಿದೆ! ಭುಜ ಸಡಿಲ ಬಿಡೇ! ಬಟ್ಟೆ ಓಡಿ ಹೋಗಲ್ಲ!" ಒಂದು ದಿನ ಕತ್ತರಿ ತಾನೇ ನಡೆಯಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅಕ್ಕ ಆ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಗಳಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

"ನನ್ನ ಕೈ ನಡುಗಿತು ಅಂತ ಯಾರಿಗೂ ಗೊತ್ತಾಗಬಾರದು" ಅಂದಳು. "ನಾನು ಸತ್ತ ಮೇಲೂ. ನನಗೆ ಇರೋದು ಅದೊಂದೇ ಹೆಸರು."

"ನನ್ನ ಬಾಯಿ ಬೀದಿಗೆಲ್ಲ ಗೊತ್ತು, ಅದರಲ್ಲಿ ಬೀಗ ಇರೋದು ನಿನಗೆ ಮಾತ್ರ ಗೊತ್ತಿರಲಿ" ಅಂದಳು ಖಾರದಮ್ಮ.

ಹೋದ ಚಳಿಗಾಲದಲ್ಲಿ ಅಕ್ಕ ನಿದ್ದೆಯಲ್ಲೇ ಹೋದಳು. ಅತ್ತಿದ್ದು ಆಯಿತು, ಮಣ್ಣು ಮಾಡಿದ್ದೂ ಆಯಿತು. ಆಮೇಲೆ ವಾರಸುದಾರರಿಲ್ಲದವರ ಆಸ್ತಿ ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಗುಮಾಸ್ತ ಬಂದ. ಒಳ್ಳೆಯ ಮನುಷ್ಯನೇ; ಒಳಗೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟ. ಅಂಗಡಿಗೆ ಬೀಗ ಹಾಕಿ, ಮೇಣದ ಮುದ್ರೆ ಒತ್ತಿ, 'ಹಕ್ಕುದಾರರು ಯಾರಾದರೂ ಇದ್ದರೆ ಬರತಕ್ಕದ್ದು' ಅಂತ ಬಾಗಿಲಿಗೆ ಕಾಗದ ಅಂಟಿಸಿದ.

ಬದುಕಿದ್ದಾಗ ಇಲ್ಲದ ನೆಂಟರು ಸತ್ತಾಗ ಹುಟ್ಟುತ್ತಾರಲ್ಲ, ಹಾಗೆ ಒಬ್ಬ ಹುಟ್ಟಿಕೊಂಡ. ಗುಮಾಸ್ತನ ಮುಂದೆ ನಿಂತು, "ನಾನು ಅವರ ಸ್ವಂತ ಅಕ್ಕನ ಮಗ. ನಮ್ಮ ಚಿಕ್ಕಮ್ಮನ ಕೈತುತ್ತು ತಿಂದು ಬೆಳೆದವನು" ಅಂತ ಮೂಗು ಒರೆಸಿಕೊಂಡ.

ಖಾರದಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಾವ ಕೈ ತುತ್ತಪ್ಪಾ?"

"ಯಾವ ಕೈ ಅಂದ್ರೆ? ಎಲ್ಲರೂ ತಿನ್ನಿಸೋ ಕೈ. ಬಲಗೈ."

"ಹೋಗು ಮಗನೇ, ಬೇರೆ ಯಾವ ಚಿಕ್ಕಮ್ಮನಾದ್ರೂ ಸತ್ತಿದ್ದಾಳಾ ನೋಡು" ಅಂದಳು. ಅವನು ಹೋದ ರಭಸಕ್ಕೆ ಅವನ ಛತ್ರಿ ಅಲ್ಲೇ ಉಳಿಯಿತು.

ಗುಮಾಸ್ತ ನಕ್ಕ. ಆಮೇಲೆ ದನಿ ತಗ್ಗಿಸಿ, "ನೀವೇ ಯಾಕೆ ತಂಗಿ ಅಂತ ಹೇಳ್ಬಾರದು? ಅನಾಥಾಲಯದ ಕಥೆ, ಯಾರು ಹುಡುಕ್ತಾರೆ? ಇಬ್ಬರು ಸಾಕ್ಷಿ ಸಾಕು. ಅಂಗಡಿ ಉಳಿಯುತ್ತೆ" ಅಂದ.

ಎದುರಿನ ಗುಂಡಿ ಅಂಗಡಿಯ ತಾತ ಕೂತಲ್ಲಿಂದಲೇ, "ನಾನೊಬ್ಬ ಸಾಕ್ಷಿ!" ಅಂತ ಕೈ ಎತ್ತಿದ.

"ತಾತಾ, ಕೈ ಇಳಿಸು" ಅಂದಳು ಖಾರದಮ್ಮ. "ಗುಮಾಸ್ತರೇ, ಈಗ ತಾನೇ ಒಬ್ಬ ಸುಳ್ಳು ನೆಂಟನನ್ನ ಓಡಿಸಿದ್ದೀನಿ. ನಾನೇ ಎರಡನೆಯವಳು ಆಗ್ಲಾ? ನಾನು ಅವಳ ಅಕ್ಕನೂ ಅಲ್ಲ, ತಂಗಿನೂ ಅಲ್ಲ. ಅವಳು ಕೊಯ್ದಿದ್ದನ್ನ ಹೊಲಿದವಳು. ಅಂಗಡಿ ನನಗೆ ಬೇಡ, ಮೇಜೂ ಬೇಡ. ಕತ್ತರಿ ಒಂದು ಕೊಡಿ."

ಆ ಕತ್ತರಿ ಇಲ್ಲದಿದ್ದರೆ ಅವಳ ಎಡಗೈ ಬರೀ ಎಡಗೈ. ಹಾಗೆ ಕತ್ತರಿ ಮಾಡುವ ಕಮ್ಮಾರ ಎಂದೋ ಸತ್ತಿದ್ದ. ಅದು ಹೋದರೆ ಅಕ್ಕನ ಕೈಯೇ ಹೋದ ಹಾಗೆ. ತಾನು ಇನ್ನೊಬ್ಬರ ಅಂಗಡಿಯಲ್ಲಿ ಅಂಚು ಮಡಚಿಕೊಂಡು ಸಾಯಬೇಕು.

ಗುಮಾಸ್ತ ಯೋಚಿಸಿದ. "ಕೆಲಸದ ಹತ್ಯಾರಿಗೆ ಒಂದು ದಾರಿ ಇದೆ. ಅದರಲ್ಲಿ ಕೆಲಸ ಮಾಡ್ತಿದ್ದವರು ಹೇಳಿಕೆ ಕೊಟ್ರೆ ಬಿಟ್ಟುಕೊಡಬಹುದು. ನಿಮ್ಮ ಹೊಲಿಗೆ ಯಂತ್ರ ಹಾಗೇ ಬಿಟ್ಟೆ ನೋಡಿ. ಆ ಕತ್ತರೀಲಿ ನೀವು ಕೊಯ್ತಿದ್ರಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ಇಲ್ಲ" ಅಂದಳು ಖಾರದಮ್ಮ. "ಕೊಯ್ಯೋದು ಅಕ್ಕ. ಕೊನೇ ದಿನದವರೆಗೂ ಅಕ್ಕಾನೇ."

"ಅದು ಸರಿ ಬಿಡಿ" ಅಂದ ಗುಮಾಸ್ತ, ತನ್ನ ಅಂಗಿಯ ಕಾಲರು ಸವರಿಕೊಂಡು. "ಇದು ಹೋದ ವರ್ಷ ಅವರು ಕೊಯ್ದಿದ್ದು. ಅಂಥ ಕೈ ಇನ್ನು ಬರಲ್ಲ."

ಖಾರದಮ್ಮ ಆ ಕಾಲರು ನೋಡಿದಳು. ಅದರ ತಿರುವಿನ ಹತ್ತಿರ ತಾನು ಎಷ್ಟು ಉಸಿರು ಬಿಗಿ ಹಿಡಿದಿದ್ದೆ ಅಂತ ನೆನಪಾಯಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಪಾತ್ರೆಗಳನ್ನೆಲ್ಲ ಎತ್ತಿ ಕುಕ್ಕಿದಳು.

ಹಕ್ಕುದಾರರು ಯಾರೂ ಬರಲಿಲ್ಲ. ಹರಾಜು ಅಂಗಡಿಯಲ್ಲೇ ನಡೆಯಿತು. ಪರದೆಯನ್ನು ಕಿತ್ತು ಮೂಲೆಗೆ ಎಸೆದಿದ್ದರು. ಬೀದಿಗೆ ಬೀದಿಯೇ ಒಳಗೆ ನುಗ್ಗಿ, ಇಷ್ಟು ವರ್ಷ ಕಾಣದ ಮೇಜನ್ನು ಮುಟ್ಟಿ ಮುಟ್ಟಿ ನೋಡಿತು. ಖಾರದಮ್ಮನಿಗೆ ಮೈಯೆಲ್ಲ ಉರಿಯಿತು. "ಮೇಜಿಗೆ ಕೊಂಬು ಬಂದಿದೆಯಾ? ಕೈ ತೆಗೀರಿ!" ಅಂತ ಗದರಿದಳು. ಒಂದಿಬ್ಬರು ನಿಜವಾಗಿ ತೆಗೆದರು.

ಮುಖ್ಯ ರಸ್ತೆಯ ಸೂಟಿನಂಗಡಿ ಯಜಮಾನನೂ ಬಂದಿದ್ದ. ಅಪ್ಪನಿಂದ ಬಂದ ಅಂಗಡಿ, ಕೈಕೆಳಗೆ ಬೇಕಾದಷ್ಟು ದರ್ಜಿಗಳು. ಅವನು ಮಾತ್ರ ಅಳತೆಯ ಟೇಪನ್ನು ಕೊರಳಿಗೆ ಹಾರದ ಹಾಗೆ ಹಾಕಿಕೊಂಡು ತಿರುಗುವವನು. ಕತ್ತರಿಯಕ್ಕನ ಗಿರಾಕಿಗಳ ಮೇಲೆ ಅವನಿಗೆ ಮೊದಲಿನಿಂದ ಕಣ್ಣು. ಕತ್ತರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, 'ಕತ್ತರಿಯಕ್ಕನ ಕತ್ತರಿ ಈಗ ನಮ್ಮಲ್ಲಿ' ಅಂತ ಬೋರ್ಡು ಹಾಕುವುದು ಅವನ ಲೆಕ್ಕ. ಗಾಳಿ ಬಂದಾಗ ತೂರಿಕೊಳ್ಳೋ ಜಾತಿ.

ಕತ್ತರಿಯ ಸರದಿ ಬಂತು. ಖಾರದಮ್ಮ ಕೂಗಿದಳು. ಯಜಮಾನ ಗದ್ದ ಎತ್ತಿದ, ಬೆಲೆ ಏರಿತು. ಮತ್ತೆ ಕೂಗಿದಳು. ಮತ್ತೆ ಗದ್ದ. ಗುಂಡಿ ತಾತ ತನ್ನ ಗಲ್ಲಾದ ಚಿಲ್ಲರೆಯನ್ನೂ ಅವಳ ಮಡಿಲಿಗೆ ಸುರಿದ. ಅದೂ ಮುಗಿಯಿತು. ಗುಮಾಸ್ತ ಅವಳ ಮುಖ ನೋಡದೆ ಮೂರನೇ ಸಲ ಕೂಗಿ, ಕತ್ತರಿಯನ್ನು ಯಜಮಾನನ ಕೈಗೆ ಕೊಟ್ಟ.

ಅಷ್ಟಕ್ಕೇ ಸುಮ್ಮನೆ ಹೋಗಿದ್ದರೆ ಅವನು ಗೆದ್ದಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡ ಅಂತಾರಲ್ಲ, ಅದೇ ಆಯಿತು. ಅದೇ ಹರಾಜಿನಲ್ಲಿ ತಾನೇ ಕೊಂಡಿದ್ದ ಉಣ್ಣೆ ಬಟ್ಟೆಯ ತುಂಡು ಮೇಜಿನ ಮೇಲೆ ಹರಡಿ, "ನೋಡಿ, ಹೇಗೆ ಹರಿಯುತ್ತೆ!" ಅಂತ ಬಲಗೈಯಲ್ಲಿ ಕತ್ತರಿ ಹಾಕಿದ. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತು. ಎಳೆದ. ಮತ್ತೆ ಹಾಕಿದ. ಹಲ್ಲಿಲ್ಲದ ಮುದುಕ ಚಪಾತಿ ಅಗಿದಂತೆ ಅಗಿಯಿತು ಕತ್ತರಿ. ಯಾರೋ ಕಿಸಕ್ಕೆಂದರು. ಯಜಮಾನನ ಕಿವಿ ಕೆಂಪಾಯಿತು.

"ಮೊಂಡು ಕತ್ತರಿ!" ಅಂದ. "ಇದರಲ್ಲಿ ಅವಳೇನು ಕೊಯ್ತಿದ್ದಳು, ಮಣ್ಣು? ಪರದೆ ಯಾಕೆ ಕಟ್ಟಿದ್ದಳು ಅಂತ ಈಗ ಗೊತ್ತಾಯ್ತು. ಕತ್ತರಿಯಕ್ಕ ಅಂತೆ! ಹೆಸರೆಲ್ಲ ಬರೀ ಬೊಗಳೆ."

ಒಬ್ಬಿಬ್ಬರು, 'ಇದ್ದರೂ ಇರಬಹುದು' ಅನ್ನೋ ಹಾಗೆ ಮುಖ ಮುಖ ನೋಡಿಕೊಂಡರು. ಖಾರದಮ್ಮನಿಗೆ ಸಹಿಸಲಾಗದೇ ಹೋದದ್ದು ಅದು. ಕೊಯ್ದು ತೋರಿಸಿದರೆ ಗುಟ್ಟು ಹೊರಬೀಳಬಹುದು. ತೋರಿಸದಿದ್ದರೆ ಹೆಸರು ಇಲ್ಲೇ, ಇದೇ ಮೇಜಿನ ಮೇಲೆ ಸಾಯುತ್ತದೆ.

ಜನರನ್ನು ಮೊಣಕೈಯಿಂದ ಸರಿಸಿಕೊಂಡು ಬಂದು ಅವನ ಕೈಯಿಂದ ಕತ್ತರಿ ಕಿತ್ತುಕೊಂಡಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದವಳೇ, ಮೇಜಿನ ಆಚೆ ಬದಿಗೆ, ಅಕ್ಕ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ನಿಂತಳು. ಎಡಗೈಗೆ ಹಿಡಿ ತೊಡಿಸಿದಳು. ಭುಜ ಸಡಿಲ ಬಿಟ್ಟಳು.

ಅವನು ಅಗಿದಿಟ್ಟ ಅಂಚಿನ ಪಕ್ಕದಲ್ಲಿ ಕತ್ತರಿ ಒಂದೇ ಉಸಿರಿಗೆ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಹಾಳಾದ ಪಟ್ಟಿ ನೆಲಕ್ಕೆ ಬಿತ್ತು. ಉಳಿದ ಅಂಚು ಗೆರೆ ಎಳೆದ ಹಾಗಿತ್ತು.

"ಇದು ಎಡಗೈ ಕತ್ತರಿ. ಅವಳು ಎಡಚಿ ಅಂತ ಬೀದಿಗೆಲ್ಲ ಗೊತ್ತು. ನಾಯಿಗೂ ಗೊತ್ತು!" ಅಂದಳು. "ಮೊಂಡು ಕತ್ತರಿ ಅಲ್ಲ ಸ್ವಾಮಿ, ಮೊಂಡು ನೀವು."

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ತಗ್ಗಿದ ಮೇಲೆ ಗುಮಾಸ್ತ ಮೆಲ್ಲಗೆ ಕೇಳಿದ: "ನೀವು ಕೊಯ್ತಿರಲಿಲ್ಲ ಅಂದ್ರಲ್ಲಾ?"

"ಕಲಿತಿದ್ದೆ. ಅವಳು ಕಲಿಸಿದಳು. ಕಲಿಯೋದು ತಪ್ಪಾ?" ಅವನ ಕಣ್ಣಲ್ಲಿ ಕಣ್ಣಿಟ್ಟಳು. ಗುಮಾಸ್ತ ಆ ನೇರ ಅಂಚು ನೋಡಿದ. ಅವನ ಕೈ ತಾನಾಗಿ ಕಾಲರಿಗೆ ಹೋಯಿತು, ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನು ಇಳಿಸಿ, "ತಪ್ಪೇನಿಲ್ಲ" ಅಂದ. ಮತ್ತೆ ಆ ಮಾತು ಎತ್ತಲಿಲ್ಲ.

ಯಜಮಾನ ಅಷ್ಟರಲ್ಲಿ ಲೆಕ್ಕ ತಿರುಗಿಸಿದ್ದ. ಹಲ್ಲು ಕಿರಿದು, "ಹಾಗಿದ್ರೆ ನನ್ನ ಅಂಗಡಿಗೇ ಬಂದುಬಿಡಮ್ಮ. ಕತ್ತರಿನೂ ಅಲ್ಲೇ ಇರುತ್ತೆ, ನೀನೂ ಇರು" ಅಂದ.

"ಗಾಜಿನ ಪೆಟ್ಟಿಗೇಲಾ?" ಅಂದಳು. ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಕಡೆ ನಡೆದಳು. "ನೀವು ಕೂಗಿದ ಬೆಲೆ ನಿಮಗೆ ಬರುತ್ತೆ. ಕಂತಿನಲ್ಲಿ ಬರುತ್ತೆ, ಆದರೆ ಬರುತ್ತೆ."

"ಏಯ್! ಅದು ನನ್ನ ಕತ್ತರಿ! ಪೊಲೀಸರನ್ನ ಕರೀತೀನಿ!"

ಖಾರದಮ್ಮ ಹೊಸ್ತಿಲ ಮೇಲೆ ತಿರುಗಿ ನಿಂತಳು. "ಕರೀರಿ. ನಾನೂ ಬರ್ತೀನಿ. ಕತ್ತರಿ ನಿಮ್ಮದು ಅಂತ ಹೇಳಿ, ಅವರ ಮುಂದೆ ಇನ್ನೊಂದು ಸಲ ಕೊಯ್ದು ತೋರಿಸಿ."

ಬೀದಿ ಇನ್ನೊಮ್ಮೆ ನಗಲು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಯಜಮಾನ ಅದನ್ನು ನೋಡಿದ, ಕೊರಳ ಟೇಪು ತೆಗೆದು ಜೇಬಿಗೆ ತುರುಕಿದ. "ತಗೊಂಡು ಹೋಗು, ನನ್ನ ದುಡ್ಡು ಬಂದ್ರೆ ಸಾಕು" ಅಂದ. ದುಡ್ಡು ಹೋಯಿತು, ಕೊನೆಯ ಕಂತಿನವರೆಗೂ ಹೋಯಿತು, ಪ್ರತಿ ಕಂತಿನ ಜೊತೆ ಎರಡು ಬೈಗುಳವೂ ಹೋಯಿತು.

ಈಗ ಗುಂಡಿ ತಾತನ ಅಂಗಡಿಯ ಹಿಂದಿನ ಅರ್ಧ ಅವಳದು. ಹಳೇ ಬಾಗಿಲೊಂದೇ ಮೇಜು. ಹರಾಜಿನ ದಿನ ಮೂಲೆಗೆ ಬಿದ್ದಿದ್ದ ಪರದೆಯನ್ನು ಯಾರೂ ಕೊಳ್ಳಲಿಲ್ಲ. ಒಗೆದು, ಹರಿದಲ್ಲಿ ತೇಪೆ ಹಾಕಿ ಕಟ್ಟಿದ್ದಾಳೆ. ಹೊರಗೆ ಬೋರ್ಡು: 'ಕತ್ತರಿಯಕ್ಕನ ಅಂಗಡಿ'.

ಮೊನ್ನೆ ಹೊಸಬನೊಬ್ಬ ಕೋಟಿನ ಬಟ್ಟೆ ಹಿಡಿದು ಬಂದು, "ಕೊಯ್ಯೋರು ಯಾರು?" ಅಂತ ಕೇಳಿದ.

"ಕತ್ತರಿಯಕ್ಕ" ಅಂದಳು ಖಾರದಮ್ಮ.

"ಅವರು ತೀರಿಕೊಂಡರು ಅಂತ ಕೇಳಿದ್ದೆ?"

"ಹೌದು, ಅದಕ್ಕೇನೀಗ?" ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಟೇಪು ಬಿಚ್ಚಿದಳು. "ಕೈ ಎತ್ತು. ಅಳತೆ ಕೊಡ್ತೀಯೋ ಇಲ್ವೋ?"