ಉಜ್ಜನಪ್ಪನ ಹದಿನೈದು ಚುಕ್ಕಿ

ಭದ್ರಾವತಿಯ ಜನ್ನಾಪುರದಲ್ಲಿ ಗಾಡಿಗಳ ವೈರಿಂಗ್ ಮಾಡುವ ಉಜ್ಜನಪ್ಪ, ಪಿಕಪ್ಪಿಗೆ ಹೆಚ್ಚುವರಿ ರಿವರ್ಸ್ ಲೈಟ್ ಹಾಕಿಸಲು ಬಂದವರನ್ನು ಮೊದಲು ಬೈಯುತ್ತಾರೆ: “ಕ್ಯಾಸೆಟ್ ಪ್ಲೇಯರ್ ಗಾಡಿ ತಗೊಂಡ ದಿನವೇ ಹಾಕ್ಸಿದ್ರಿ. ಇದು ಈಗ ನೆನಪಾಯ್ತಾ?” ದೀಪ ಮೇಲಿದ್ದರೆ ಚೆಂದ ಎಂದವರಿಗೆ, “ಚೆಂದ ಬೇಕಿದ್ರೆ ಸಕ್ರೆಬೈಲಿಗೆ ಹೋಗಿ ಆನೆ ನೋಡು ಮಾರಾಯ,” ಎಂದು ಬಂಪರಿನ ಕೆಳಗೇ, ನೆಲಕ್ಕೆ ಬೆಳಕು ಬೀಳುವಂತೆ ಬಿಗಿಯುತ್ತಾರೆ. ಗಾಡಿ ಗುಜರಿಗೆ ಹೋದರೂ ಅವರು ಕಟ್ಟಿದ ವೈರು ಬಿಚ್ಚಿಕೊಳ್ಳುವುದಿಲ್ಲವೆಂದು ಶಿವಮೊಗ್ಗದ ಡ್ರೈವರುಗಳ ಮಾತು. ಕೆಲಸ ಮುಗಿದರೂ ಗಾಡಿ ಬಿಡುವುದಿಲ್ಲ. ಮುಸ್ಸಂಜೆ ಕವಿಯುವವರೆಗೆ ಕಾಯಿಸಿ, ಗಾಡಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ನೆಲದ ಮೇಲೆ ರಂಗೋಲಿಯ ಚುಕ್ಕಿ ಇಡುತ್ತಾರೆ. ಡ್ರೈವರು ರಿವರ್ಸ್ ಗೇರು ಹಾಕಿ, ಕನ್ನಡಿಯಲ್ಲಿ ನೋಡಿ ಅವನ್ನು ಎಣಿಸಬೇಕು. ಲೆಕ್ಕ ತಪ್ಪಿದರೆ ಮತ್ತೆ ಸ್ಪ್ಯಾನರು ಕೈಗೆ ಬರುತ್ತದೆ. “ಇದೆಂಥ ಪೂಜೆ ಉಜ್ಜನಪ್ಪಣ್ಣ? ಎದ್ದು ನಿಂತ್ಕೊಳ್ಳಿ, ಚೆನ್ನಾಗೇ ಕಾಣ್ತೀರಿ,” ಎಂದ ಮೊನ್ನೆ ಬಂದ ಡ್ರೈವರ್ ಸಿದ್ದು. “ನಿಂತವರು ಹೆಂಗೂ ಕಾಣ್ತಾರೆ. ನೀನು ಚುಕ್ಕಿ ಎಣಿಸು.” ಸಿದ್ದು ಎಣಿಸಿದ. “ಹದಿನೈದು. ಚುಕ್ಕಿ ಇಟ್ಟು ಗೆರೆ ಯಾಕೆ ಎಳೆಯಲ್ಲ ನೀವು?” ಉಜ್ಜನಪ್ಪ ಬಿಳಿ ಪುಡಿ ಮೆತ್ತಿದ ಬೆರಳು ಒರೆಸಿಕೊಂಡು ಸ್ಪ್ಯಾನರನ್ನು ಡಬ್ಬಿಗೆ ಹಾಕಿದರು. ಹತ್ತು ವರ್ಷದ ಹಿಂದೆ ಒಂದು ದಿನ, ಬೆಳಕು ಹರಿಯುವ ಮುನ್ನ, ಮಾರ್ಕೆಟ್ಟಿಗೆ ಹೊರಡುವ ಆತುರದಲ್ಲಿ ಅವರು ಮನೆ ಮುಂದಿದ್ದ ತಮ್ಮ ಪಿಕಪ್ಪನ್ನು ಹಿಂದಕ್ಕೆ ತೆಗೆದಾಗ, ಅದರ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ರಂಗೋಲಿ ಹಾಕುತ್ತಿದ್ದ ಹೆಂಡತಿ ಕಲ್ಲಮ್ಮ ಹದಿನೈದು ಚುಕ್ಕಿಗಳನ್ನಷ್ಟೇ ಇಟ್ಟು ಮುಗಿಸಿದ್ದರು.