ಕಾಕಾ ಕುರ್ಚಿ ಬಿಟ್ಟು ಎದ್ದ ದಿನ

ಬರದ ಆ ವರ್ಷಗಳಲ್ಲಿ ನಾನು ಬೀದರಿನ ಟ್ಯಾಂಕರ್ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಹೊಸಬಳು. ನೀರಿನ ಟ್ಯಾಂಕರು ಹೊರಡಲು ಚೀಟಿ ಬೇಕು. ಚೀಟಿ ಭಾಲ್ಕಿ, ಔರಾದಿನ ಪ್ರಿಂಟರುಗಳಲ್ಲಿ ಬರಬೇಕು. ಕಾಗದ ಮುಗಿದರೆ ಯಂತ್ರ ‘ಹಾಕಿದಿರಾ, ಮುಂದುವರಿಯಲೇ’ ಎಂದು ಸಂದೇಶಗಳ ಸಾಲಿನಲ್ಲಿ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುತ್ತಿತ್ತು.

ಉತ್ತರಿಸುವವರು ನಮ್ಮ ಹಿರಿಯ ಆಪರೇಟರ್ ಒಬ್ಬರೇ. ಎಲ್ಲರಿಗೂ ಅವರು ಕಾಕಾ. ಒಂದೂ ಸಂದೇಶ ತಪ್ಪಬಾರದೆಂದು ಅವರು ಬರೆದಿದ್ದ ಪ್ರೋಗ್ರಾಂ ಆ ಸಾಲನ್ನು ತಾನೇ ಹಿಡಿದಿಟ್ಟುಕೊಳ್ಳುತ್ತಿತ್ತು. ಬೇರೆ ಯಾವ ಪ್ರೋಗ್ರಾಮೂ ಇಣುಕುವಂತಿಲ್ಲ, ಆಯಾ ಊರಿನವರೂ ಉತ್ತರಿಸುವಂತಿಲ್ಲ. ಕಾಕಾ ಚಹಾಕ್ಕೆ ಹೋದರೆ ಔರಾದಿನ ಟ್ಯಾಂಕರ್ ನಿಲ್ಲುತ್ತಿತ್ತು. ಹೀಗಿರುವಾಗ ಸಾಯಗಾಂವದಲ್ಲಿ ಅವರ ಮಗಳ ಮದುವೆ ಬಂತು.

“ತಾಳಿ ಕಟ್ಟಿ ಅಕ್ಕಿಕಾಳು ಹಾಕೂ ವ್ಯಾಳ್ಯಾಕ್ಕ ಹೋಗಿ ಬರ್ತೇನಿ. ಸುರಗಿಗೆ ಆಗೂದಿಲ್ಲವ್ವಾ,” ಅಂದರು.

ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಮಗಳಿಗೆ ಅರಿಶಿನದ ನೀರೆರೆಯುವ ಸುರಗಿಗೆ ಅಪ್ಪನೇ ಇಲ್ಲವೆಂದರೆ ಅದೇನು ಚೆಂದ? ನನಗೆ ಸಿಟ್ಟು ಬಂತು.

“ಕಾಕಾ, ನೋಡಾಕ ಹಿಡಕೊಂಡೇ ಕೂಡಬೇಕೇನ್ರಿ? ದೂರ ನಿಂತ್ರ ಕಾಣೂದಿಲ್ಲೇನ್ರಿ?”

ಸಂದೇಶ ತಪ್ಪಬಾರದು, ಯಾರನ್ನೂ ತಡೆಯಲೂಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಟ ಹಿಡಿದು ಕೂತು ಪ್ರೋಗ್ರಾಂ ತಿದ್ದಿದೆ. ಈಗ ಅದು ಸಾಲಿಗೆ ಬೀಗ ಹಾಕದೆ ಸಂದೇಶ ಓದುತ್ತಿತ್ತು, ಓದಿ ಇದ್ದಲ್ಲೇ ಬಿಡುತ್ತಿತ್ತು. ಉತ್ತರವನ್ನು ಆಯಾ ಊರಿನವರೇ ಕೊಡಬಹುದಿತ್ತು. ಕಾಕಾ ನಂಬಲಿಲ್ಲ. ಭಾಲ್ಕಿಗೆ ಫೋನ್ ಮಾಡಿ ಬೇಕೆಂದೇ ಪ್ರಿಂಟರಿನ ಕಾಗದ ತೆಗೆಸಿದರು. ಪರದೆಯ ಮೇಲೆ ಸಂದೇಶ ಮೂಡಿತು. ಇವರು ಕೈ ಎತ್ತುವಷ್ಟರಲ್ಲಿ ಭಾಲ್ಕಿಯವರು ಕಾಗದ ಹಾಕಿ ಉತ್ತರಿಸಿಯಾಗಿತ್ತು.

“ಭಾಳ ಶಾಣ್ಯಾಕಿ ಇದ್ದಿ,” ಎಂದು ಗೊಣಗಿದರು. ನನಗಂತೂ ಕುಣಿಯುವಷ್ಟು ಖುಷಿ.

ಸುರಗಿಯ ದಿನ ಕಾಕಾ ಜೊತೆ ನಾನೂ ಸಾಯಗಾಂವಕ್ಕೆ ಹೋದೆ. ಮದುವೆ ಮನೆ ತುಂಬಿತ್ತು. ಹೈದರಾಬಾದ್, ಪುಣೆಗೆ ದುಡಿಯಲು ಹೋದವರೆಲ್ಲ ಬಂದಿದ್ದರು. ಕಾಕಾ ಮಾತ್ರ ಊರಿಗೆ ನೀರು ತರುವ ಟ್ಯಾಂಕರಿನ ದಾರಿ ಕಾಯುತ್ತ ರಸ್ತೆಯಲ್ಲೇ ನಿಂತಿದ್ದರು. ಅದು ಬಂದದ್ದೇ ಡ್ರೈವರನ ಕೈಯಿಂದ ಚೀಟಿ ಕಿತ್ತುಕೊಂಡರು.

“ನಡುವ ಕಾಗದ ಮುಗಿದಿತ್ತೇನು?”

“ಮುಗಿದಿತ್ರಿ. ಅಲ್ಲಿಯವರೇ ಹಾಕಿ ನಡೆಸಿದ್ರು.”

“ಅಂದ್ರ ನಾ ಇಲ್ದೇನೂ ನಡೀತದ,” ಎಂದು ಕಾಕಾ ನಕ್ಕರು. ಆದರೂ ಮುಖ ಸ್ವಲ್ಪ ಸಪ್ಪಗಾಯಿತು.

ಚಪ್ಪರದಲ್ಲಿ ಮಗಳು ಆಗಲೇ ನೂಲಿನೊಳಗೆ ಕೂತಿದ್ದಳು. ತಂಬಿಗೆ ಎತ್ತಿದ ಹೆಂಗಸರನ್ನು ಕೈಯಡ್ಡ ಮಾಡಿ ತಡೆದು, ಪಕ್ಕದ ಖಾಲಿ ಮಣೆ ತಟ್ಟಿದಳು.

“ಲಗೂನ ಬಾರಪ್ಪಾ. ನೀ ಬರೂತನಕ ಯಾರಿಗೂ ನೀರ್ ಹಾಕಗೊಡೂದಿಲ್ಲ ನಾ.”

ಕಾಕಾ ಚೀಟಿಯನ್ನು ನನ್ನ ಕೈಗೆ ತುರುಕಿ ಓಡಿದರು.